ಇಲ್ಲದ ಬೋರ್ಡಿಗೆ ಬಂದ ಪತ್ರಗಳು

ಅಮ್ಮ ತೀರಿಕೊಂಡ ಮೇಲೆ ಘಾಟ್ಕೋಪರಿನ ನಮ್ಮ ಮನೆಯಲ್ಲಿ ಕನ್ನಡ ನಿಂತುಹೋಯಿತು. ಅಪ್ಪ ಅದಕ್ಕೂ ನಾಲ್ಕು ವರ್ಷ ಮೊದಲೇ ಹೋಗಿದ್ದರು. ಅವರು ಮೈಸೂರಿನಿಂದ ಬಂದು ವಿಕ್ರೋಳಿಯ ಒಂದು ಕಾರ್ಖಾನೆಯ ಸ್ಟೋರ್ಸ್ ಸೇರಿದವರು. ನಾನೂ ತಮ್ಮನೂ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಶಾಲೆಯಲ್ಲಿ ಮರಾಠಿ, ಬೀದಿಯಲ್ಲಿ ಹಿಂದಿ, ಮನೆಯೊಳಗೆ ಅಮ್ಮನ ಕನ್ನಡ. ಅಕ್ಷರಗಳನ್ನೂ ಅಮ್ಮನೇ ಕಲಿಸಿದ್ದು, ಮಧ್ಯಾಹ್ನ ಕೆಲಸವೆಲ್ಲ ಮುಗಿದ ಮೇಲೆ, ಸ್ಲೇಟಿನ ಮೇಲೆ. ತಮ್ಮ ನಾಸಿಕಿನಲ್ಲಿ ನೌಕರಿ ಹಿಡಿದು ಅಲ್ಲಿಯ ಹುಡುಗಿಯನ್ನೇ ಮದುವೆಯಾದ. ತಿಂಗಳಿಗೊಮ್ಮೆ ಕೆಳಗಿನ ಮಹಡಿಯವರ ಫೋನಿಗೆ ಕರೆ ಮಾಡುತ್ತಿದ್ದ. "ಕೈಸೀ ಹೈ ಅಕ್ಕಾ?" ಎಂದು ಶುರು ಮಾಡಿ ಹಿಂದಿಯಲ್ಲೇ ಮುಗಿಸುತ್ತಿದ್ದ. 'ಅಕ್ಕಾ' ಎಂಬುದೊಂದೇ ಅವನ ಬಾಯಲ್ಲಿ ಉಳಿದಿದ್ದ ಕನ್ನಡ.

ನನಗಾಗ ಮೂವತ್ತೈದು. ಮದುವೆಯ ಮಾತುಗಳು ಅಮ್ಮನ ಕಾಯಿಲೆಯ ಕಾಲದಲ್ಲೇ ಬಂದು ಹೋಗಿದ್ದವು. ಒಂದು ಕೋಣೆ, ಒಂದು ಅಡುಗೆಮನೆ, ಬಟ್ಟೆ ಒಣಗಿಸಲು ಕಿಟಕಿಯಾಚೆ ಚಾಚಿದ ನಾಲ್ಕು ತಂತಿ. ಕುಕ್ಕರಿನ ಸೀಟಿಯನ್ನು ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸುತ್ತಿದ್ದೆ. ಎಷ್ಟೋ ದಿನ ನಾನು ಆಡಿದ ಕನ್ನಡವೆಂದರೆ ಅಷ್ಟೇ.

ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದೆ. ಎಂಬತ್ತರ ದಶಕದ ಕೊನೆಯ ವರ್ಷಗಳು. ಒಂದು ದಿನ ನಮ್ಮ ಸಾಹೇಬರು ಕರೆದು ಹೊಸ ಕೆಲಸ ಹೇಳಿದರು. ಉಪನಗರಗಳ ಬಗ್ಗೆ ಒಂದು ಸ್ಮರಣ ಸಂಚಿಕೆ ಬರುವುದಿತ್ತು. ಅದರಲ್ಲಿ ನಮ್ಮ ಕಚೇರಿಯ ಪಾಲಿಗೆ ಬಂದ ವಿಷಯ ಹಳೆಯ ಲೋಕಲ್ ಬೋರ್ಡ್. ಈ ಉಪನಗರಗಳೆಲ್ಲ ಇನ್ನೂ ಹಳ್ಳಿಗಳಾಗಿದ್ದಾಗ ಅಲ್ಲಿಯ ಬಾವಿ, ಗಾಡಿದಾರಿ, ಶಾಲೆ, ದವಾಖಾನೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದದ್ದು ಆ ಬೋರ್ಡು. ನಗರದ ಗಡಿ ಉತ್ತರಕ್ಕೆ ಸರಿದು ಹಳ್ಳಿಗಳನ್ನು ನುಂಗಿದಾಗ ಅದನ್ನು ಮುಚ್ಚಿದರು. ಅದರ ಇತಿಹಾಸ ಹತ್ತು ಪುಟ ಬೇಕು ಎಂದರು ಸಾಹೇಬರು.

"ನಾನೇ ಯಾಕೆ ಸರ್?" ಎಂದೆ.

"ತುಮ್ಹಾಲಾ ಕಾಯ್ ಬಾಯಿ, ಘರೀ ಜಾಯಚೀ ಘಾಯಿ ನಸತೇ," ಎಂದರು. ನಿಮಗೇನಮ್ಮ, ಮನೆಗೆ ಹೋಗುವ ಅವಸರವಿಲ್ಲವಲ್ಲ ಎಂದು. ಅವರು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಇರುವ ಸಂಗತಿಯನ್ನು ಹೇಳಿದರು. ಆದರೂ ಆ ಸಂಜೆ ಟ್ರೇನಿನಲ್ಲಿ ಆ ಮಾತು ನನ್ನ ಪಕ್ಕದಲ್ಲೇ ಕೂತು ಬಂತು.

ಬೋರ್ಡಿನ ದಫ್ತರಗಳು ಕ್ಯಾಂಟೀನಿನ ಹಿಂದಿನ ಕೋಣೆಯಲ್ಲಿದ್ದವು. ಅದನ್ನು ಕಾಯುತ್ತಿದ್ದ ಪ್ಯೂನ್ ನಿವೃತ್ತಿಯ ಹೊಸ್ತಿಲಲ್ಲಿದ್ದ ಮನುಷ್ಯ. ಅವನು ಹದಿಹರೆಯದಲ್ಲಿ ಅದೇ ಬೋರ್ಡಿನಲ್ಲಿ ಕೆಲಸಕ್ಕೆ ಸೇರಿದ್ದನಂತೆ. ಬೋರ್ಡು ಮುಚ್ಚಿದಾಗ ಗಂಟುಗಳನ್ನು ಲಾರಿಗೆ ಹೇರಿಸಿ ಈ ಕೋಣೆಗೆ ತಂದಿಳಿಸಿದ್ದೂ ಅವನೇ. ಕೆಂಪು ಬಟ್ಟೆಯ ಗಂಟು ಬಿಚ್ಚಿಕೊಡುತ್ತಾ, "ಇದೆಲ್ಲ ಓದೋರು ಬರ್ತಾರೆ ಅಂತ ನಾನು ಅಂದ್ಕೊಂಡೇ ಇರಲಿಲ್ಲ ಬಾಯಿ," ಎಂದು ಮರಾಠಿಯಲ್ಲಿ ಹೇಳಿ ಸೀನಿದ.

ಮೊದಮೊದಲು ಬೇಸರವಾಯಿತು. ಆಮೇಲೆ ಆ ಕೋಣೆಗೆ ಹೋಗಲು ಬೆಳಿಗ್ಗೆಯಿಂದಲೇ ಕಾಯತೊಡಗಿದೆ. ಬೀಡಾಡಿ ದನಗಳನ್ನು ಹಿಡಿದು ಕಟ್ಟುವ ದೊಡ್ಡಿಯ ರಿಜಿಸ್ಟರು. ಯಾರ ಎಮ್ಮೆ, ಯಾವ ಬಣ್ಣ, ಕೊಂಬು ಹೇಗಿದೆ ಎಂಬ ವಿವರ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಅಂಚಿನ ಹುಲ್ಲಿನ ಹರಾಜು. ಬಾವಿಗೆ ಇಲಿ ಬಿದ್ದಿದೆ, ರಾಟೆಗೆ ಎಣ್ಣೆ ಇಲ್ಲ, ದವಾಖಾನೆಯ ಕಂಪೌಂಡರ್ ವಾರದಿಂದ ಬಂದಿಲ್ಲ ಎಂಬ ಅರ್ಜಿಗಳು. ದಿನವೂ ಲೋಕಲ್ ಟ್ರೇನಿನ ಕಿಟಕಿಯಿಂದ ನಾನು ಕಾಣುತ್ತಿದ್ದ ಬಿಲ್ಡಿಂಗುಗಳ ಜಾಗದಲ್ಲಿ ಭತ್ತದ ಗದ್ದೆಯಿತ್ತು, ತಾಳೆಯ ಸಾಲಿತ್ತು, ಚಿರತೆಗೆ ಹೆದರಿ ಮಕ್ಕಳನ್ನು ಶಾಲೆಗೆ ಕಳಿಸದ ತಾಯಂದಿರಿದ್ದರು. ನಾನು ಹುಟ್ಟಿದ ಊರು ನನಗೆ ಗೊತ್ತೇ ಇಲ್ಲ ಎನಿಸಿತು.

ಕೊನೆಯ ಕಪಾಟಿನಲ್ಲಿ ಸೆಣಬಿನ ದಾರ ಕಟ್ಟಿದ ಹನ್ನೊಂದು ಲಕೋಟೆಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ. ಎಲ್ಲದರ ಮೇಲೂ ಬೋರ್ಡಿನ ಅಧ್ಯಕ್ಷರ ವಿಳಾಸ, ಒಂದೇ ಕೈಬರಹ. ಅಂಚೆಯ ಮುದ್ರೆ ನೋಡಿದರೆ ಎಲ್ಲವೂ ಬೋರ್ಡು ಮುಚ್ಚಿದ ನಂತರದವು.

"ಇವು ಯಾವುವು?" ಎಂದು ಪ್ಯೂನನನ್ನು ಕೇಳಿದೆ.

ಅವನು ಕನ್ನಡಕ ಸರಿಮಾಡಿಕೊಂಡು ನೋಡಿ ನಕ್ಕ. "ಅದಾ? ಬೋರ್ಡು ಹೋದ ಮೇಲೂ ತಿಂಗಳಿಗೊಂದು ಬರ್ತಿತ್ತು. ಯಾರಿಗೆ ಕೊಡಲಿ? ಅಧ್ಯಕ್ಷರಿಲ್ಲ, ಸೆಕ್ರೆಟರಿ ಇಲ್ಲ. ಹೊಸ ಸಾಹೇಬರನ್ನ ಕೇಳಿದ್ರೆ ನಮ್ಮದಲ್ಲ ಅಂದ್ರು. ಬಿಸಾಡು ಅಂತ ಯಾರೂ ಹುಕುಮ್ ಕೊಡಲಿಲ್ಲ. ಕಟ್ಟಿಟ್ಟೆ."

"ತೆಗೆದು ನೋಡಲಾ?"

"ನೋಡಿ. ಮೂವತ್ತು ವರ್ಷದಿಂದ ಯಾರೂ ಕೇಳಿಲ್ಲ, ಇನ್ಯಾರು ಕೇಳ್ತಾರೆ?"

ಗೋರೆಗಾಂವಿನ ಪೂರ್ವಕ್ಕೆ, ಗುಡ್ಡದ ಬುಡದ ಒಂದು ಪಾಡಾದ, ಅಂದರೆ ಸಣ್ಣ ಹಳ್ಳಿಯ, ಶಾಲೆಯಿಂದ ಮಾಸ್ತರಣಿ ಬರೆದ ಮಾಸಿಕ ವರದಿಗಳು ಅವು. ಮರಾಠಿಯ ಮುದ್ದಾದ ಅಕ್ಷರ. ಮೊದಲನೆಯದರಲ್ಲಿ, ಹಾಜರಿ ಇಪ್ಪತ್ತಮೂರು, ಮಳೆಗೆ ಹಿಂದಿನ ಗೋಡೆ ಕುಸಿದಿದೆ, ಮಕ್ಕಳನ್ನು ಪಕ್ಕದ ಮನೆಯ ಜಗಲಿಯಲ್ಲಿ ಕೂರಿಸುತ್ತಿದ್ದೇನೆ ಎಂದಿತ್ತು. ಮೂರನೆಯದರಲ್ಲಿ, ಇನ್‌ಸ್ಪೆಕ್ಟರ್ ಸಾಹೇಬರು ಬಂದಿಲ್ಲ, ಪಗಾರವೂ ಬಂದಿಲ್ಲ, ಊರಿನವರು ಅಕ್ಕಿ ಕೊಡುತ್ತಿದ್ದಾರೆ ಎಂದಿತ್ತು. ಐದನೆಯದರ ಕೊನೆಗೆ, "ಪತ್ರ ತಲುಪಿದ್ದಕ್ಕೆ ಎರಡು ಸಾಲು ಬರೆಯಬೇಕಾಗಿ ವಿನಂತಿ." ಆ ಸಾಲು ಮುಂದಿನ ಎಲ್ಲ ಪತ್ರಗಳಲ್ಲೂ ಇತ್ತು. ಹಾಜರಿ ಹದಿನೆಂಟಾಯಿತು, ಹನ್ನೆರಡಾಯಿತು. ಹನ್ನೊಂದನೆಯದರಲ್ಲಿ ಆರು ಮಕ್ಕಳು. "ಶಾಲೆ ನಡೆಯುತ್ತಿದೆ" ಎಂದು ಬರೆದು ಸಹಿ ಹಾಕಿದ್ದರು.

ಆ ಹಾಳೆಯನ್ನು ಮಡಿಸುವಾಗ ಹಿಂಬದಿ ಕಣ್ಣಿಗೆ ಬಿತ್ತು. ಪೆನ್ಸಿಲಿನಲ್ಲಿ ಸಣ್ಣದಾಗಿ ಕೂಡುವ ಲೆಕ್ಕ ಹಾಕಿದ್ದರು, ದಿನದ ಹಾಜರಿಯನ್ನು ಕೂಡಿದ್ದು. ಹಾಳೆಯನ್ನು ಕಿಟಕಿಯ ಹತ್ತಿರ ಒಯ್ದು ನೋಡಿದೆ. ೬, ೫, ೬, ೩. ಕನ್ನಡದ ಅಂಕಿಗಳು. ಮುಂಬದಿಗೆ ಮರಾಠಿಯಲ್ಲಿ ಬರೆಯುವ ಹೆಂಗಸು ಹಿಂಬದಿಗೆ ಎಣಿಸಿದ್ದು ಕನ್ನಡದಲ್ಲಿ. ಉಳಿದ ಹತ್ತನ್ನೂ ತಿರುಗಿಸಿ ನೋಡಿದೆ. ಎಲ್ಲದರಲ್ಲೂ ಹಾಗೆಯೇ ಇತ್ತು. ಹನ್ನೊಂದನ್ನೂ ಮಗುಚಿ ಸಾಲಾಗಿ ಇಟ್ಟು ಅಂಕಿಗಳನ್ನು ಗಟ್ಟಿಯಾಗಿ ಓದತೊಡಗಿದೆ. ಪ್ಯೂನ್ ಹೆದರಿ ನೀರು ತಂದುಕೊಟ್ಟ.

ಮುಂದಿನ ಭಾನುವಾರ ನಾನು ಗೋರೆಗಾಂವಿಗೆ ಹೊರಟೆ. ಆಕೆ ಬದುಕಿರುತ್ತಾರೆ ಎಂಬ ಭರವಸೆಯೇನೂ ಇರಲಿಲ್ಲ. ಶಾಲೆಯ ಗೋಡೆಯಾದರೂ ಇದ್ದರೆ ನೋಡೋಣ ಎಂದುಕೊಂಡಿದ್ದೆ. ದಾದರಿನಲ್ಲಿ ಸೇತುವೆ ಹತ್ತಿ ಇಳಿದು ವೆಸ್ಟರ್ನ್ ಲೈನಿನ ಗಾಡಿ ಹಿಡಿದು, ಸ್ಟೇಶನ್ನಿನಿಂದ ಬಸ್ಸು. ಬಸ್ಸಿಳಿದಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ತಲೆಗೆ ತಗಡಿನ ಕಿರೀಟವಿದ್ದ ಇಬ್ಬರು ಸೈನಿಕರು ಪಾವ್ ತಿನ್ನುತ್ತಿದ್ದರು. ಹತ್ತಿರದಲ್ಲೇ ಎಲ್ಲೋ ಸಿನಿಮಾ ಶೂಟಿಂಗು. ಎಮ್ಮೆಯ ತಬೇಲಾಗಳ ವಾಸನೆ ದಾಟಿ ಮಣ್ಣಿನ ದಾರಿಯಲ್ಲಿ ಅರ್ಧ ಗಂಟೆ ನಡೆದೆ.

ಶಾಲೆ ಇರಲಿಲ್ಲ. ಅದರ ಜಾಗದಲ್ಲಿ ಬಣ್ಣ ಬಳಿದ ಹಲಗೆಗಳನ್ನು ಪೇರಿಸಿಟ್ಟ ಗೋದಾಮು ಇತ್ತು. ನೀರು ಹೊತ್ತು ಬರುತ್ತಿದ್ದ ಹೆಂಗಸೊಬ್ಬಳನ್ನು, ಇಲ್ಲಿ ಮೊದಲು ಒಬ್ಬ ಮಾಸ್ತರಣಿ ಇದ್ದರಲ್ಲ ಎಂದು ಮರಾಠಿಯಲ್ಲಿ ಕೇಳಿದೆ.

"ಇದ್ದರು ಅಂದ್ರೆ? ಬಾಯಿ ನಮ್ಮನೇಲೇ ಇದ್ದಾರೆ," ಎಂದಳು ಅವಳು. ಅವಳ ಗಂಡ ಬಾಯಿಯ ಹತ್ತಿರ ಓದಿದವನಂತೆ, ಈಗ ಹಾಲಿನ ಟೆಂಪೋ ಓಡಿಸುತ್ತಾನಂತೆ. ಅವನ ತಾಯಿ ಬದುಕಿದ್ದಾಗಲೇ ಬಾಯಿಯನ್ನು ಮನೆಗೆ ಕರೆತಂದು ಇರಿಸಿಕೊಂಡಿದ್ದರಂತೆ. ಅಷ್ಟನ್ನು ಹೇಳುತ್ತಲೇ ಅವಳು ಮುಂದೆ ನಡೆದಳು, ನಾನು ಹಿಂದೆ.

ಜಗಲಿಯ ಮೇಲೆ ಮಂಚ ಹಾಕಿಕೊಂಡು ಕೂತಿದ್ದರು. ಎಪ್ಪತ್ತು ದಾಟಿದ ಮೈ, ಬಿಳಿ ಸೀರೆ, ಮೊಣಕಾಲಿನ ಮೇಲೆ ಮೊರ. ಅಕ್ಕಿ ಆರಿಸುತ್ತಿದ್ದರು. ನಾನು ಕಚೇರಿಯ ಹೆಸರು ಹೇಳಿ ಮರಾಠಿಯಲ್ಲಿ ಮಾತು ಶುರು ಮಾಡಿದೆ. ಅವರು ತಲೆಯೆತ್ತದೆ, "ಈಗ ಬಂದ್ರಾ?" ಎಂದು ಮರಾಠಿಯಲ್ಲೇ ಅಂದರು. ನನ್ನ ಬಾಯಿಗೆ ಬಂದದ್ದು ಕನ್ನಡ.

"ನೀವು ಕನ್ನಡದವರಾ?"

ಮೊರದ ಮೇಲೆ ಕೈ ನಿಂತಿತು. ತಲೆಯೆತ್ತಿ ನನ್ನ ಮುಖ ನೋಡಿದರು.

"ಏನಂದಿ?"

"ನೀವು ಕನ್ನಡದವರಾ ಅಂತ ಕೇಳಿದೆ."

"ಇನ್ನೊಮ್ಮೆ ಅನ್ನು."

ಮೂರನೆಯ ಸಲವೂ ಹೇಳಿದೆ. ಅವರು ಮೊರವನ್ನು ಪಕ್ಕಕ್ಕಿಟ್ಟು ಸೆರಗಿನಿಂದ ಮುಖವನ್ನಲ್ಲ, ಕೈಗಳನ್ನು ಒರೆಸಿಕೊಂಡರು. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದವನ್ನು ಎಲ್ಲಿಂದಲೋ ಎತ್ತಿ ತಂದಂತೆ ಹೇಳಿದರು. "ಬೆಳಗಾಂವಿ ಕಡೆಯಾಕಿ ನಾ. ಕೂಡ್ರು. ನೀ ಮೈಸೂರ ಕಡೆಯಾಕಿ ಏನ? ಹಾಡಿದಂಗ ಮಾತಾಡ್ತಿ."

ಆ ದಿನ ನಮ್ಮ ಕನ್ನಡ ಸರಾಗವಾಗಿ ಹರಿಯಲಿಲ್ಲ. ಅವರಿಗೆ ಶಬ್ದ ಸಿಗದಿದ್ದಾಗ ಮರಾಠಿ ಬರುತ್ತಿತ್ತು, ನನಗೆ ಹಿಂದಿ. ನಾನು ಅವರನ್ನು ಊರಿನವರಂತೆ 'ಬಾಯಿ' ಎಂದಾಗ, "ನಮ್ಮ ಕಡೆ ಮಾಸ್ತರಣಿಗೆ ಅಕ್ಕೋರ ಅಂತಾರ," ಎಂದರು. ಅಂದಿನಿಂದ ಅವರು ನನಗೆ ಅಕ್ಕೋರು.

ಅವರ ಕತೆಯನ್ನು ಅವರು ಒಂದೇ ದಿನ ಹೇಳಲಿಲ್ಲ. ನಾನು ಪ್ರತಿ ಭಾನುವಾರ ಹೋಗತೊಡಗಿದೆ, ಅವರು ಸ್ವಲ್ಪ ಸ್ವಲ್ಪ ಹೇಳಿದರು. ಮದುವೆಯಾದ ಎರಡನೆಯ ವರ್ಷವೇ ಗಂಡ ತೀರಿಕೊಂಡಿದ್ದರು. ಅಣ್ಣ ಹಟ ಮಾಡಿ ಮಾಸ್ತರಿಕೆಯ ತರಬೇತಿಗೆ ಸೇರಿಸಿದ. ಬೆಳಗಾವಿಯೂ ಮುಂಬಯಿಯೂ ಆಗ ಒಂದೇ ಪ್ರಾಂತ. ಈ ಬೋರ್ಡಿನಲ್ಲಿ ಜಾಗ ಖಾಲಿಯಿದೆ ಎಂದು ಗೊತ್ತಾಗಿ ಅರ್ಜಿ ಹಾಕಿದರು.

"ಇಲ್ಲಿಗೆ ಬರ್ಲಿಕ್ಕೆ ಬ್ಯಾರೆ ಯಾರೂ ಒಪ್ಪಿದ್ದಿಲ್ಲ," ಎಂದರು ಅಕ್ಕೋರು. "ಚಿರತಿ ಅದಾವ ಅಂತ ಅಂಜತಿದ್ರು. ನಾ ಚಿರತಿಗೆ ಅಂಜಲಿಲ್ಲ. ಮನಿಯಾಗಿನ ಮಂದಿಗೆ ಅಂಜಿದ್ದೆ. ಅದಕ್ಕ ಬಂದೆ."

ಅಣ್ಣ ಇರುವ ತನಕ ವರ್ಷಕ್ಕೊಮ್ಮೆ ಊರಿಗೆ ಹೋಗುತ್ತಿದ್ದರಂತೆ. ಅವನು ಹೋದ ಮೇಲೆ ಹೋಗಲಿಲ್ಲ, ಅಲ್ಲಿಂದ ಯಾರೂ ಕರೆಯಲೂ ಇಲ್ಲ. ಬೋರ್ಡು ಎಂದರೆ ಅವರ ಪಾಲಿಗೆ ಮೂರು ತಿಂಗಳಿಗೊಮ್ಮೆ ಸೈಕಲ್ ಮೇಲೆ ಬರುವ ಇನ್‌ಸ್ಪೆಕ್ಟರು. ಅವರು ಮಕ್ಕಳಿಂದ ಮಗ್ಗಿ ಹೇಳಿಸಿ, ಹಾಜರಿಗೆ ಸಹಿ ಹಾಕಿ, ಇವರ ಕೈಯ ಚಹಾ ಕುಡಿದು ಹೋಗುವರು. "ಅವರು ಬಂದ ದಿನ ನಾನೂ ಒಂದು ಲೆಕ್ಕದಾಗ ಅದೀನಿ ಅನಸ್ತಿತ್ತು," ಎಂದರು.

ನಾನು ಕೇಳಬೇಕೆಂದಿದ್ದದ್ದನ್ನು ಕೇಳಿದ್ದು ಎರಡನೆಯ ತಿಂಗಳಿನಲ್ಲಿ. ಹನ್ನೊಂದು ಪತ್ರಗಳನ್ನು ಓದಿದ್ದೇನೆ ಎಂದು ಹೇಳಲು ಅಷ್ಟು ದಿನ ಹಿಡಿಯಿತು. ಅವರಿಗೆ ಅವಮಾನವಾಗುತ್ತದೆಯೋ ಎಂಬ ಅಂಜಿಕೆ.

"ಬೋರ್ಡು ಮುಚ್ಚಿತು ಅಂತ ನಿಮಗೆ ಯಾರೂ ತಿಳಿಸಲೇ ಇಲ್ವಾ ಅಕ್ಕೋರೆ?"

ಅವರು ನನ್ನನ್ನು ದಡ್ಡ ಮಗುವನ್ನು ನೋಡುವಂತೆ ನೋಡಿದರು. "ಗೊತ್ತಿಲ್ದ ಏನ? ಊರಾಗ ಡಂಗುರ ಸಾರಿದ್ರು. ಸ್ಟೇಶನ್ ಹಂತ್ಯಾಕ ಆಫೀಸಿನ ಫಲಕ ಕಿತ್ತು ಒಯ್ದದ್ದ ನಾನ ಕಣ್ಣಾರೆ ನೋಡೀನಿ. ಹೊಸಾ ಪಟ್ಟಿಯೊಳಗ ನಮ್ಮ ಸಾಲಿ ಬಿಟ್ಟು ಹೋಗಿತ್ತು. ಹೋಗಿ ಕೇಳಿದ್ರ, ಬಾಯಿ, ನೋಡೂಣು ಅಂದ್ರು."

"ಮತ್ತೆ ಇಲ್ಲದ ಬೋರ್ಡಿಗೆ ಯಾಕೆ ಬರೀತಿದ್ರಿ?"

"ಮತ್ತ ಯಾರಿಗೆ ಬರೀಲಿ?" ಎಂದರು.

ಅವರ ದನಿಯಲ್ಲಿ ದುಃಖವಿರಲಿಲ್ಲ, ಸ್ವಲ್ಪ ರೇಗು ಇತ್ತು. ಇಷ್ಟೂ ತಿಳಿಯುವುದಿಲ್ಲವೇ ಎಂಬ ರೇಗು. ಅಣ್ಣ ಆ ಹೊತ್ತಿಗೆ ಹೋಗಿಯಾಗಿತ್ತು. ತಿಂಗಳ ಕೊನೆಗೆ ಕೂತು ಒಂದು ಕಾಗದ ಬರೆಯುವುದು ಹದಿನೆಂಟು ವರ್ಷದ ರೂಢಿ. ಓದುವವರಿಲ್ಲ ಎಂದು ಗೊತ್ತಿದ್ದೂ ಬರೆದರು. ಹನ್ನೊಂದು ತಿಂಗಳ ಮೇಲೆ ದೂರದಲ್ಲಿ ದೊಡ್ಡ ಶಾಲೆ ಶುರುವಾಯಿತು, ಉಳಿದ ಆರು ಮಕ್ಕಳೂ ಅಲ್ಲಿಗೆ ಹೋದವು. ಅಕ್ಕೋರ ತರಬೇತಿಯ ಕಾಗದ ಈಗ ನಡೆಯುವುದಿಲ್ಲ ಎಂದರಂತೆ. ಅವರು ಪಾಡಾದಲ್ಲೇ ಉಳಿದು ಮನೆಪಾಠ ಹೇಳಿದರು, ಬರೆಯಲು ಬಾರದವರಿಗೆ ಕಾಗದ ಬರೆದುಕೊಟ್ಟರು, ಬಾಣಂತಿಯರ ಮಕ್ಕಳನ್ನು ನೋಡಿಕೊಂಡರು.

ಆ ಸಂಜೆ ವಾಪಸು ಬರುವಾಗ ಟ್ರೇನಿನಲ್ಲಿ ನಾನು ಅತ್ತೆ. ಹೆಂಗಸರ ಡಬ್ಬಿಯಲ್ಲಿ ಅಳುವವರನ್ನು ಯಾರೂ ಏನೂ ಕೇಳುವುದಿಲ್ಲ. ಪಕ್ಕದವಳು ಸ್ವಲ್ಪ ಸರಿದು ಜಾಗ ಕೊಟ್ಟಳು.

ಇತಿಹಾಸವನ್ನು ನಾನು ಹದಿಮೂರು ಪುಟ ಬರೆದೆ. ಅದರಲ್ಲಿ ಮೂರು ಪುಟ ಅಕ್ಕೋರ ಶಾಲೆ. ಸಾಹೇಬರು ಕೆಂಪು ಪೆನ್ಸಿಲ್ ಹಿಡಿದು ಓದಿದರು.

"ಬಾಯಿ, ಬಾವಿ ಎಷ್ಟು, ರಸ್ತೆ ಎಷ್ಟು, ಅಧ್ಯಕ್ಷರು ಯಾರು ಯಾರು, ಅದು ಸರಿ. ಈ ಮಾಸ್ತರಣಿ ಯಾಕೆ? ಇದು ಇತಿಹಾಸ ಅಲ್ಲ, ತಕ್ರಾರ್ ಅರ್ಜಿ."

"ಬೋರ್ಡಿನ ಕೊನೆಯ ಸಂಗತಿ ಇದೇ ಸರ್. ಬೋರ್ಡು ಹೋದ ಮೇಲೂ ಅದರ ಕೆಲಸ ಒಬ್ಬರು ಮಾಡ್ತಿದ್ರು," ಎಂದೆ. ಹನ್ನೆರಡು ವರ್ಷದ ನೌಕರಿಯಲ್ಲಿ ಅವರ ಮಾತಿಗೆ ನಾನು ಎದುರು ಹೇಳಿದ್ದು ಅದೊಂದೇ ಸಲ.

ಅವರು ಸಿಟ್ಟಾಗಲಿಲ್ಲ. ಮೂರು ಪುಟಕ್ಕೂ ಅಡ್ಡಗೆರೆ ಎಳೆದು, ಅಂಚಿನಲ್ಲಿ ತಾವೇ ಒಂದು ಸಾಲು ಬರೆದರು. 'ಬೋರ್ಡಿನ ಎಲ್ಲ ಶಾಲೆಗಳನ್ನೂ ಸುಗಮವಾಗಿ ಹಸ್ತಾಂತರಿಸಲಾಯಿತು.' ಅದನ್ನು ಟೈಪ್ ಮಾಡಿ ತನ್ನಿ ಎಂದರು. ಮಾಡಿದೆ. ಒಂದೂ ತಪ್ಪಿಲ್ಲದೆ, ಎರಡು ಕಾರ್ಬನ್ ಪ್ರತಿಗಳೊಂದಿಗೆ.

ಅದನ್ನು ಅಕ್ಕೋರಿಗೆ ಹೇಳದೆ ಇರಲಾಗಲಿಲ್ಲ. ಭಾನುವಾರ ಹೋದವಳೇ ಹೇಳಿಬಿಟ್ಟೆ. ಅವರು ಕೇಳಿಕೊಂಡು, ಮೊರದ ನುಚ್ಚನ್ನು ಅಂಗಳಕ್ಕೆ ಚೆಲ್ಲಿದರು. ಅಂಗಳದಲ್ಲಿ ಕೋಳಿ ಕೆದಕುತ್ತಿತ್ತು. "ಟೈಪ್ ಮಾಡೂ ಕೆಲಸದಾಕಿ ನೀ. ಮಾಡ್ದಿ," ಎಂದರು ಕೊನೆಗೆ. ಬಯ್ದಿದ್ದರೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಪ್ಯೂನ್ ನಿವೃತ್ತನಾದ. ಹೋಗುವ ದಿನ ನನ್ನ ಮೇಜಿನ ಹತ್ತಿರ ಬಂದು ಹಳೆಯ ಪತ್ರಿಕೆಯಲ್ಲಿ ಸುತ್ತಿದ ಕಟ್ಟು ಇಟ್ಟ. "ಆ ಕೋಣೆ ಖಾಲಿ ಮಾಡ್ತಾರಂತೆ. ಇವು ಯಾವ ರಿಜಿಸ್ಟರಿನಲ್ಲೂ ಇಲ್ಲ ಬಾಯಿ, ಹಾಗಾಗಿ ಯಾರವೂ ಅಲ್ಲ," ಎಂದು ಕೈಮುಗಿದು ಹೋದ. ಹನ್ನೊಂದು ಲಕೋಟೆಗಳನ್ನೂ ಚೀಲದಲ್ಲಿಟ್ಟುಕೊಂಡು ಗೋರೆಗಾಂವಿಗೆ ಒಯ್ದೆ. ಅಕ್ಕೋರು ಮುಟ್ಟಲಿಲ್ಲ.

"ನಾ ಬರದದ್ದು ನನಗ ಗೊತ್ತೈತಿ. ನೀ ಇಟ್ಕೋ. ಓದೀದಿ, ಹೌದಲ್ಲೋ? ಹಂಗಾದ್ರ ಉತ್ತರ ಬರಿ."

"ನಾನಾ?"

"ಹೌದು, ನೀನ. ಕನ್ನಡದಾಗ ಬರಿ. ಕಾರ್ಡ್ ಹಾಕು."

ಅವರು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ನನಗೆ ಕೊಂಚ ಹೊತ್ತು ಬೇಕಾಯಿತು. ಸೋಮವಾರ ಪೋಸ್ಟ್ ಕಾರ್ಡ್ ಕೊಂಡು ಬರೆದೆ. 'ಪೂಜ್ಯ ಅಕ್ಕೋರಿಗೆ, ನಿಮ್ಮ ಪತ್ರ ತಲುಪಿತು. ಗೋಡೆಯ ವಿಷಯ ತಿಳಿದು ಬೇಸರವಾಯಿತು.' ಎರಡನೆಯ ಸಾಲಿನಲ್ಲೇ ಕಾಗುಣಿತ ತಪ್ಪಿತ್ತು. ಅಮ್ಮನ ಸ್ಲೇಟಿನ ನಂತರ ನಾನು ಕನ್ನಡ ಬರೆದದ್ದೇ ಕಡಿಮೆ. ಭಾನುವಾರ ಹೋದಾಗ ಅಕ್ಕೋರು ಆ ಕಾರ್ಡನ್ನು ತಲೆದಿಂಬಿನ ಕೆಳಗಿನಿಂದ ತೆಗೆದು, ನಾಲ್ಕು ತಪ್ಪಿಗೆ ಕೆಂಪು ಶಾಯಿಯ ಗುರುತು ಹಾಕಿ ಕೈಗಿತ್ತರು. "ತಿದ್ದಿ ತೋರಸು." ಮೂವತ್ತಾರು ವಯಸ್ಸಿನ ನಾನು ಜಗಲಿಯ ಮೇಲೆ ಕೂತು ತಿದ್ದಿದೆ. ಮೊದಲ ದಿನ ನನ್ನನ್ನು ಕರೆತಂದಿದ್ದ ಆ ಮನೆಯ ಸೊಸೆ ಬಾಗಿಲಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಹೀಗೆ ಎರಡು ವರ್ಷ ಕಳೆಯಿತು. ವಾರಕ್ಕೊಂದು ಕಾರ್ಡ್. ಹನ್ನೊಂದಕ್ಕೆ ಉತ್ತರ ಮುಗಿದ ಮೇಲೂ ಬರೆದೆ. ಆಫೀಸಿನದು, ಟ್ರೇನಿನದು, ಹಪ್ಪಳ ಸುಟ್ಟುಹೋದದ್ದು. ಈಗ ನೆನೆದರೆ ನನ್ನ ಆ ಕಾಲದ ದಿನಗಳಿಗೆಲ್ಲ ಒಂದು ಆಕಾರವಿತ್ತು. ವಾರದ ನಡುವೆ ಏನಾದರೂ ಆದರೆ, ಇದನ್ನು ಹೇಳಬೇಕು ಎಂದು ನೆನಪಿಟ್ಟುಕೊಳ್ಳಲು ಒಬ್ಬರಿದ್ದರು.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಪಾಡಾದ ಆ ಕಡೆಯ ಮನೆಗಳನ್ನು ಬಿಲ್ಡರ್ ಕೊಂಡ. ಟೆಂಪೋದವನ ಸಂಸಾರ ವಿರಾರಿಗೆ ಹೋಯಿತು, ಅಕ್ಕೋರೂ ಜೊತೆಗೆ. ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಹತ್ತಿದ ದಿನದ ಮೇಲೆ ಅಕ್ಕೋರು ಕೆಳಗೆ ಇಳಿಯಲೇ ಇಲ್ಲ. ಘಾಟ್ಕೋಪರಿನಿಂದ ಅಲ್ಲಿಗೆ ಹೋಗಿಬರುವುದೆಂದರೆ ಇಡೀ ದಿನ. ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಯಿತು. ಮಳೆಗಾಲದಲ್ಲಿ ಅದೂ ತಪ್ಪಿತು. ಕಾರ್ಡುಗಳು ಮಾತ್ರ ಹೋಗುತ್ತಿದ್ದವು. ತಿದ್ದುಪಡಿ ಬರುವುದು ನಿಂತಿತ್ತು.

ಒಂದು ದಿನ ಬೆಳಿಗ್ಗೆ ಕೆಳಗಿನ ಮಹಡಿಯವರು ಫೋನಿಗೆ ಕರೆದರು. ತಮ್ಮನಿರಬೇಕೆಂದು ಇಳಿದು ಹೋದರೆ, ವಿರಾರಿನಿಂದ ಆ ಸೊಸೆ.

"ದೀದಿ, ಬಾಯಿ ಮರಾಠಿ ಮರೆತುಬಿಟ್ಟಿದ್ದಾರೆ. ನಾಲ್ಕು ದಿನದಿಂದ ನಿಮ್ಮ ಭಾಷೇನೇ ಆಡ್ತಾರೆ. ಏನೋ ಕೇಳ್ತಾರೆ, ನಮಗೆ ತಿಳಿಯೋದಿಲ್ಲ, ಸಿಟ್ಟು ಮಾಡ್ಕೋತಾರೆ. ನೀವೇ ಕೇಳಿ," ಎಂದು ಅವಳು ಗಾಬರಿಯಲ್ಲಿ ಮರಾಠಿಯಲ್ಲಿ ಹೇಳಿದಳು. ಆ ಫೋನು ಅವರ ಬಿಲ್ಡಿಂಗಿನಲ್ಲಿ ಎದುರು ಮನೆಯವರದು. ಅಕ್ಕೋರನ್ನು ಕುರ್ಚಿಯಲ್ಲಿ ಕೂರಿಸಿ ಅಲ್ಲಿಗೆ ಎತ್ತಿ ತಂದಿದ್ದರು.

"ಅಕ್ಕೋರೆ, ನಾನು. ಏನು ಬೇಕು ಹೇಳಿ."

"ಥಂಡಿ ಬರ್ತೈತಿ. ಬಾಗಲಾ ಮುಂದ ಮಾಡ ಅಂದ್ರ ಯಾರೂ ಕೇಳವಲ್ರು," ಎಂದರು. ದನಿ ಸಣ್ಣದಾಗಿತ್ತು, ರೇಗು ಹಾಗೇ ಇತ್ತು.

ಅಷ್ಟೇ. ಬಾಗಿಲು ಹಾಕಬೇಕಂತೆ, ಚಳಿಯಂತೆ ಎಂದು ಸೊಸೆಗೆ ಮರಾಠಿಯಲ್ಲಿ ಹೇಳಿದೆ. ಅವಳು "ಅಯ್ಯೋ, ಇಷ್ಟೇನಾ!" ಎಂದು ಅತ್ತೇಬಿಟ್ಟಳು.

ಆ ಭಾನುವಾರ ವಿರಾರಿಗೆ ಹೋದೆ. ಸೊಸೆ ಕೇಳಿಕೊಂಡದ್ದಕ್ಕೆ ಒಂದು ದೊಡ್ಡ ಹಾಳೆಯಲ್ಲಿ, ಕನ್ನಡದ ಶಬ್ದವನ್ನು ಮರಾಠಿ ಅಕ್ಷರದಲ್ಲಿ ಬರೆದು, ಎದುರಿಗೆ ಅರ್ಥ ಬರೆದುಕೊಟ್ಟೆ. ನೀರು, ಚಹಾ, ಅನ್ನ, ಹಸಿವು, ನೋವು, ಥಂಡಿ, ಬಾಗಲಾ, ಕೂಡ್ರು, ಮಲಗು, ಸಾಕು. ಅಕ್ಕೋರ ಬಾಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಬರೆದೆ, ನನ್ನ ಮೈಸೂರಿನ ರೀತಿಯಲ್ಲಲ್ಲ. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಹಿಟ್ಟಿನ ಅಂಟಿನಲ್ಲಿ ಹಚ್ಚಿದಳು. ಅಕ್ಕೋರು ಆ ದಿನ ನನ್ನನ್ನು ಗುರುತಿಸಿದರು, ಆದರೆ ಯಾರೆಂದು ಗುರುತಿಸಿದರೋ ಹೇಳಲಾರೆ. "ಇಷ್ಟ್ಯಾಕ ತಡಾ ಮಾಡ್ದಿ?" ಎಂದು ಮಾತ್ರ ಕೇಳಿ ನನ್ನ ಕೈ ಹಿಡಿದುಕೊಂಡು ನಿದ್ದೆ ಹೋದರು. ಕೈ ಬಿಡಿಸಿಕೊಳ್ಳಲು ಮನಸ್ಸಾಗದೆ ಎರಡು ಗಾಡಿ ಬಿಟ್ಟೆ.

ಆಮೇಲೆ ಊರಲ್ಲಿ ಗಲಭೆಯ ತಿಂಗಳುಗಳು ಬಂದವು, ಕರ್ಫ್ಯೂ ಬಂತು. ಹೋಗುವುದು ಮುಂದೆ ಮುಂದೆ ಹೋಯಿತು. ಹೋಗಬಹುದಾಗಿದ್ದ ಒಂದೆರಡು ಭಾನುವಾರಗಳಲ್ಲೂ ನಾನು ಹೋಗಲಿಲ್ಲ. ಬಟ್ಟೆ ಒಗೆದೆ, ಮಲಗಿದೆ. ಅದನ್ನು ಮರೆಮಾಚಿ ಬರೆದರೆ ಸುಳ್ಳಾಗುತ್ತದೆ. ಮಾರ್ಚಿನಲ್ಲಿ ಸೊಸೆಯ ಕೈಬರಹದ ಕಾರ್ಡು ಬಂತು. ಬಾಯಿ ಕಳೆದ ಬುಧವಾರ ಹೋದರು, ನಿದ್ದೆಯಲ್ಲೇ ಹೋದರು, ಫೋನ್ ಲೈನ್ ಸತ್ತಿತ್ತು ಎಂದು.

ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡು ಆಫೀಸಿಗೆ ಹೋದೆ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಪಕ್ಕದ ಮೇಜಿನವಳಿಗೆ ಹೇಳೋಣ ಎಂದುಕೊಂಡೆ. ಅವಳು ಮಗಳ ಪರೀಕ್ಷೆಯ ಮಾತಿನಲ್ಲಿದ್ದಳು. ಯಾರು ತೀರಿಕೊಂಡರು ಎಂದು ಅವಳು ಕೇಳಿದರೆ ಏನು ಹೇಳಲಿ? ನೆಂಟರಲ್ಲ, ನೆರೆಯವರಲ್ಲ. ಅವಳ ಮಗಳಿಗೆ ಒಳ್ಳೆಯದಾಗಲಿ ಎಂದು ಹೇಳಿ ಡಬ್ಬಿ ಮುಚ್ಚಿದೆ. ರಜೆಯ ಅರ್ಜಿ ಟೈಪ್ ಮಾಡಲು ಕೂತಾಗಲೂ ಕಾರಣದ ಜಾಗಕ್ಕೆ ಬಂದು ಬೆರಳು ನಿಂತಿತು. ಕೊನೆಗೆ ಭಾನುವಾರದ ತನಕ ಕಾದೆ.

ವಿರಾರಿನ ಮನೆಯ ಬಾಗಿಲು ತೆರೆದೇ ಇತ್ತು. ಸೊಸೆ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ನನ್ನನ್ನು ನೋಡಿ ಒಂದು ಕ್ಷಣ ನಿಂತು, "ಬಾ. ಕೂಡ್ರು," ಎಂದಳು. ಅಕ್ಕೋರು ನನ್ನನ್ನು ಕರೆಯುತ್ತಿದ್ದದ್ದು ಹಾಗೆಯೇ. ಏಕವಚನವೋ ಬಹುವಚನವೋ ಅವಳಿಗೇನು ಗೊತ್ತು.

"ಚಹಾ?" ಎಂದಳು. ಹೂಂ ಎಂದೆ. ಅವಳ ಕನ್ನಡ ಅಲ್ಲಿಗೆ ಮುಗಿಯಿತು. ಮಂಚವನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ಚಹಾ ಕುಡಿಯುತ್ತಾ ಮರಾಠಿಯಲ್ಲಿ ಮಾತಾಡಿದೆವು. ಹದಿಮೂರನೆಯ ದಿನದ ಊಟಕ್ಕೆ ಪಾಡಾದ ಹಳೆಯ ಮಕ್ಕಳಲ್ಲಿ ಎಷ್ಟು ಜನ ಬರಬಹುದು, ವಿರಾರಿಗೆ ಬರಲು ಅವರಿಗೆ ದೂರವಾಗುತ್ತದಲ್ಲ, ನೀರು ದಿನಕ್ಕೆ ಒಂದೇ ಗಂಟೆ ಬರುತ್ತದೆ, ಅಷ್ಟು ಪಾತ್ರೆ ಎಲ್ಲಿ ತೊಳೆಯುವುದು. ನಾನು ಬಂದು ಪಾತ್ರೆ ತೊಳೆಯುತ್ತೇನೆ ಎಂದೆ. ಅವಳು ಬೇಡವೆನ್ನಲಿಲ್ಲ.

ನಾಲ್ಕರ ಗಾಡಿಗೆ ಹೊರಟೆ. ವಿರಾರಿನಿಂದ ಹೊರಡುವ ಗಾಡಿ ಭಾನುವಾರ ಮಧ್ಯಾಹ್ನ ಖಾಲಿ ಇರುತ್ತದೆ. ಕಿಟಕಿಯ ಸೀಟು ಸಿಕ್ಕಿತು. ಎದುರಿಗೆ ಕೂತಿದ್ದ ಹೆಂಗಸು ಹೂವು ಕಟ್ಟುತ್ತಿದ್ದಳು, ಅಂಧೇರಿಯಲ್ಲಿ ಇಳಿದು ಹೋದಳು. ನಾನು ದಾದರಿನಲ್ಲಿ ಇಳಿದು, ಸೇತುವೆ ಹತ್ತಿ, ಘಾಟ್ಕೋಪರಿನ ಗಾಡಿ ಹಿಡಿದೆ.